ಶುಶ್ರೂಷೆ ಎಂದರೆ ಕೇಳುವ ಮನಸ್ಸು



ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ನಮ್ಮ ಯಾವ ಧರ್ಮಕೇಂದ್ರಕ್ಕೆ ಹೋದರೂ ನರ್ಸಿಂಗ್ ಕಲಿತ ಮಗಳೋ ಸೊಸೆಯೋ ಇಲ್ಲದ ವಾಳೆ ಸಿಗುವುದು ಕಷ್ಟ. ಮಣಿಪಾಲ, ಮಂಗಳೂರು, ಬೆಂಗಳೂರಿನಿಂದ ಹಿಡಿದು ಕೊಲ್ಲಿ ರಾಷ್ಟ್ರಗಳವರೆಗೆ ಅವರು ಹರಡಿಕೊಂಡಿದ್ದಾರೆ. ಮನೆ ಆಶೀರ್ವಾದಕ್ಕೆ ಹೋದಾಗ ಪವಿತ್ರ ಹೃದಯದ ಪಟದ ಪಕ್ಕದಲ್ಲಿ, ಬಿಳಿ ಸಮವಸ್ತ್ರ ಧರಿಸಿ ದೀಪ ಹಿಡಿದು ನಿಂತ ಮಗಳ ಫೋಟೋವನ್ನು ತಾಯಂದಿರು ಅಭಿಮಾನದಿಂದ ತೋರಿಸುತ್ತಾರೆ. ಆ ಅಭಿಮಾನ ನ್ಯಾಯವಾದದ್ದೇ.

ಇತ್ತೀಚೆಗೆ ಅಂಥ ಒಂದು ಮನೆಯಲ್ಲಿ, ರಜೆಯಲ್ಲಿ ಬಂದಿದ್ದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿದಳು: "ಫಾದರ್, ಇಂಜೆಕ್ಷನ್ ಕೊಡಲು ನನಗೆ ಹೆದರಿಕೆ ಇಲ್ಲ. ಗಾಯ ಕಟ್ಟುತ್ತೇನೆ, ಬಿ.ಪಿ. ನೋಡುತ್ತೇನೆ. ಆದರೆ ಮಾನಸಿಕ ರೋಗಿಗಳ ವಾರ್ಡಿಗೆ ಹಾಕಿದರೆ ಕೈಗೆ ಕೆಲಸವೇ ಇಲ್ಲ. ಹತ್ತಿರ ಕೂತು ಮಾತಾಡಿ ಅಂತಾರೆ ಮೇಡಂ. ಎಂತ ಮಾತಾಡುವುದು?"

ಅದೇ ದಿನ ನಾಲ್ಕು ಮನೆ ದಾಟಿದ ಮೇಲೆ ಇನ್ನೊಂದು ಮನೆಯಲ್ಲಿ ತಾಯಿಯೊಬ್ಬರು ಕಣ್ಣೀರು ಹಾಕಿದರು: "ಆಸ್ಪತ್ರೆಯಲ್ಲಿ ನನ್ನ ಮಗ ಸರಿಯಾಗಿಯೇ ಇದ್ದ ಫಾದರ್. ಮನೆಗೆ ಬಂದ ಮೇಲೆ ಪುನಃ ಹಾಗೆಯೇ ಆಯಿತು. ಅಲ್ಲಿ ಇದ್ದದ್ದು ಇಲ್ಲಿ ಯಾಕಿಲ್ಲ?"

ಈ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಎಂದು ನನಗೆ ಅನಿಸುತ್ತದೆ. ಮಾನಸಿಕ ರೋಗಿಯ ಬಳಿ ದಾದಿ ಮಾಡುವ ಮುಖ್ಯ ಕೆಲಸ ಒಂದು ಸಂಬಂಧವನ್ನು ಕಟ್ಟುವುದು. ಆ ಸಂಬಂಧವೂ ಔಷಧವೇ. ಆಸ್ಪತ್ರೆಯಲ್ಲಿ ಸಿಕ್ಕಿದ ಆ ಔಷಧ ಮನೆಯಲ್ಲಿ, ಊರಿನಲ್ಲಿ, ಧರ್ಮಕೇಂದ್ರದಲ್ಲಿ ನಿಂತುಹೋದರೆ ರೋಗ ಮರುಕಳಿಸಲು ಅದೂ ಒಂದು ಕಾರಣವಾಗುತ್ತದೆ. ಈ ವಾರ ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಒಂದು ತಪ್ಪು, ಒಂದು ಪಾಠ

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಸುಮಾರು 15 ವರ್ಷಗಳ ಹಿಂದೆ ನಾನು ಕಡಲ ಬದಿಯ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಬೋಟಿಗೆ ಹೋಗುತ್ತಿದ್ದ ಒಬ್ಬ ಯುವಕ ನನ್ನ ಬಳಿ ಬಂದ. ಯಾರೂ ಇಲ್ಲದಾಗಲೂ ಯಾರೋ ತನ್ನನ್ನು ಬಯ್ಯುವುದು ಕೇಳಿಸುತ್ತದೆ, ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ ಎಂದ. ನಾನು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಧ್ಯಾನಕೂಟಕ್ಕೆ ಹೋಗಲು ಹೇಳಿದೆ. "ದೇವರು ನಿನ್ನನ್ನು ಗುಣಪಡಿಸುತ್ತಾನೆ" ಎಂದೆ. ಮಾತ್ರೆಯ ವಿಷಯ ಒಂದು ಮಾತೂ ಆಡಲಿಲ್ಲ. ಪ್ರಾರ್ಥನೆ ಆಯಿತಲ್ಲ, ಇನ್ನು ಮಾತ್ರೆ ಬೇಡ ಎಂದು ಅವನು ತಿಳಿದುಕೊಂಡ. ಕೆಲವೇ ವಾರಗಳಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ನಾನು ನೋಡಲು ಹೋದಾಗ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ನನ್ನೊಡನೆ ಮಾತಾಡಲಿಲ್ಲ. ಆಗ ಒಬ್ಬ ದಾದಿ ಬಂದು ಅವನ ಹೆಸರು ಹಿಡಿದು ಕರೆದರು. "ನಾನು ಇವತ್ತು ಎರಡು ಗಂಟೆಯವರೆಗೆ ಡ್ಯೂಟಿಯಲ್ಲಿದ್ದೇನೆ. ಹನ್ನೊಂದು ಗಂಟೆಗೆ ಬಂದು ಹತ್ತು ನಿಮಿಷ ನಿಮ್ಮ ಹತ್ತಿರ ಕೂರುತ್ತೇನೆ. ನೀವು ಮಾತಾಡಲೇಬೇಕು ಅಂತ ಇಲ್ಲ" ಎಂದರು. ಸರಿಯಾಗಿ ಹನ್ನೊಂದಕ್ಕೆ ಬಂದರು. ಹತ್ತು ನಿಮಿಷ ಸುಮ್ಮನೆ ಕೂತರು. ನಾಳೆಯೂ ಬರುತ್ತೇನೆ ಎಂದು ಹೇಳಿ ಎದ್ದರು.

ಮುಂದಿನದನ್ನು ಅವನೇ ಗುಣವಾದ ಮೇಲೆ ನನಗೆ ತಿಳಿಸಿದ. ಎರಡನೆಯ ದಿನವೂ ಅವನು ಬಾಯಿ ಬಿಡಲಿಲ್ಲ. ಮೂರನೆಯ ದಿನ ಹೇಳಿದ ಮೊದಲ ಮಾತು, "ಸಿಸ್ಟರ್, ಗಂಜಿಗೆ ಉಪ್ಪು ಕಮ್ಮಿ." ದಾದಿ ನಗಲಿಲ್ಲ, ಉಪ್ಪು ತರಿಸಿದರು. ನಾಲ್ಕನೆಯ ದಿನ ಅವನು ಆ ಧ್ವನಿಯ ವಿಷಯ ಹೇಳಿದ. "ಹೇಳಿದ ಗಂಟೆಗೆ ಬರುವವರು ಒಬ್ಬರಿದ್ದರು ಫಾದರ್, ಅದಕ್ಕೇ ನಂಬಿದೆ" ಎಂದ. ಗುರುಮಠದಲ್ಲಿ ನಾನು ತತ್ತ್ವಶಾಸ್ತ್ರ, ದೈವಶಾಸ್ತ್ರ ಎಲ್ಲವನ್ನೂ ಓದಿದ್ದೆ. ಆದರೆ ಅವನಿಗೆ ಬೇಕಾಗಿದ್ದದ್ದನ್ನು ಕೊಟ್ಟವರು ಆ ದಾದಿ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನು ಒಪ್ಪಿದ್ದಾನೆ.)

'ಶುಶ್ರೂಷೆ' ಎಂಬ ಪದವನ್ನು ನಾವು ಆರೈಕೆ ಎಂಬ ಅರ್ಥದಲ್ಲಿ ದಿನವೂ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ 'ಕೇಳುವ ಇಚ್ಛೆ' ಎಂದು. ಕೇಳಲು ಬಯಸುವವನೇ ಸೇವೆ ಮಾಡಬಲ್ಲ ಎಂಬ ತಿಳಿವಳಿಕೆ ಆ ಪದದಲ್ಲಿಯೇ ಇದೆ.

ಬುದ್ಧಿ ಕಲಕಿದರೂ ಮನುಷ್ಯ ಮನುಷ್ಯನೇ

ಕೇಳುವ ಮನಸ್ಸು ಬರಬೇಕಾದರೆ, ಎದುರಿಗಿರುವವನ ಮಾತಿಗೆ ಬೆಲೆಯಿದೆ ಎಂಬ ನಂಬಿಕೆ ಬೇಕು. "ತಲೆ ಸರಿ ಇಲ್ಲದವನ ಮಾತು, ಬಿಡಿ" ಎಂದು ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ! ಇಲ್ಲಿ ಧರ್ಮಸಭೆಯ ಚಿಂತನೆ ನಮಗೆ ಸಹಾಯಕ್ಕೆ ಬರುತ್ತದೆ. ಮನುಷ್ಯನು ವಿವೇಕಸ್ವಭಾವದ ವ್ಯಕ್ತಿ ಎಂದು ಹಿಂದಿನ ಪಂಡಿತರು ಹೇಳಿದರು. ಹಾಗಾದರೆ ವಿವೇಕ ಕಲಕಿದವನು ವ್ಯಕ್ತಿಯಲ್ಲವೇ? ಸಂತ ಥಾಮಸ್ ಅಕ್ವಿನಾಸರು ಸ್ವಭಾವ ಬೇರೆ, ಅದರ ಬಳಕೆ ಬೇರೆ ಎಂದು ವಿಂಗಡಿಸುತ್ತಾರೆ. ನಿದ್ರಿಸುವವನು ಬುದ್ಧಿಯನ್ನು ಬಳಸುತ್ತಿಲ್ಲ. ಆದರೂ ಅವನು ಬುದ್ಧಿಯುಳ್ಳ ಮನುಷ್ಯನೇ. ಮೋಡ ಕವಿದಾಗ ಸೂರ್ಯ ಇಲ್ಲವಾಗುವುದಿಲ್ಲ. ಆಷಾಢದ ಮಳೆ ಕಂಡ ನಮ್ಮ ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ದೇವರ ಪ್ರತಿರೂಪವನ್ನು ರೋಗವು ಅಳಿಸಲಾರದು ಎಂಬುದು ನಮ್ಮ ವಿಶ್ವಾಸ. ಜಗದ್ಗುರು ದ್ವಿತೀಯ ಜಾನ್ ಪಾಲರು 1996ರ ನವೆಂಬರಿನಲ್ಲಿ ಮಾನಸಿಕ ರೋಗಿಗಳ ಕುರಿತ ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಇದನ್ನು ಸ್ಪಷ್ಟವಾಗಿ ಬೋಧಿಸಿದರು. 2006ರ ವಿಶ್ವ ರೋಗಿಗಳ ದಿನಕ್ಕೆ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಮಾನಸಿಕ ರೋಗಿಗಳನ್ನೇ ವಿಷಯವಾಗಿ ಆರಿಸಿಕೊಂಡರು.

ಅದೇ ಅಕ್ವಿನಾಸರು ದುಃಖಕ್ಕೆ ಪರಿಹಾರಗಳನ್ನು ಪಟ್ಟಿ ಮಾಡುವಾಗ ಸತ್ಯದ ಧ್ಯಾನದ ಜೊತೆಗೆ ಕಣ್ಣೀರು, ಸ್ನೇಹಿತರ ಅನುಕಂಪ, ನಿದ್ದೆ, ಸ್ನಾನ ಇವನ್ನೂ ಸೇರಿಸುತ್ತಾರೆ. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಿತ್ತು. ಅನುಕಂಪ ಏಕೆ ಪರಿಹಾರ? ಬೇರೆಯವರು ನಮ್ಮ ಹೊರೆಗೆ ಹೆಗಲು ಕೊಡುತ್ತಾರೆ ಎಂಬುದು ಒಂದು ಕಾರಣ. ನಮ್ಮನ್ನು ಪ್ರೀತಿಸುವವರಿದ್ದಾರೆ ಎಂದು ಅದರಿಂದ ತಿಳಿಯುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ವಾರ್ಡಿನಲ್ಲಿ ದಾದಿ ನೋಡಿಕೊಳ್ಳುವುದು ಇವುಗಳನ್ನೇ ಅಲ್ಲವೇ? ರಾತ್ರಿ ನಿದ್ದೆ ಬಂತೇ, ಸ್ನಾನವಾಯಿತೇ, ಊಟ ಸೇರಿತೇ, ಅತ್ತಾಗ ಯಾರಾದರೂ ಹತ್ತಿರವಿದ್ದರೇ?

ನಮ್ಮ ಕೋಟ ಕಲಿಸಿದ ಪಾಠ

ಈ ವಿಷಯದಲ್ಲಿ ಜಗತ್ತು ನಮ್ಮ ಊರಿನಿಂದಲೇ ಒಂದು ಪಾಠ ಕಲಿತಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಬ್ರಹ್ಮಾವರದಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಾಲಿಗ್ರಾಮದ ಬಳಿ ಕೋಟ ಇದೆ. ಡಾ. ಶಿವರಾಮ ಕಾರಂತರು ಹುಟ್ಟಿದ ಊರು. ಅಲ್ಲಿಗೆ 1970ರ ಸುಮಾರಿಗೆ ಮನೋವೈದ್ಯರಾದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ರವಿ ಕಪೂರ್ ಬಂದರು. ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಜನರ ಮನಸ್ಸಿನ ಕಷ್ಟಗಳನ್ನು ಮನೆಮನೆಗೆ ಹೋಗಿ ವಿಚಾರಿಸಿ ಅಧ್ಯಯನ ಮಾಡಿದರು. ಅದು 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಹೆಸರಿನಲ್ಲಿ 1976ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಡಾ. ಕಪೂರರು ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯ ವಿಭಾಗದ ಮುಖ್ಯಸ್ಥರಾದರು.

ಮನಸ್ಸು ಕೆಟ್ಟಾಗ ಜನರು ಯಾರ ಬಳಿಗೆ ಹೋಗುತ್ತಾರೆ ಎಂಬುದನ್ನೂ ಅವರು ಗಮನಿಸಿದರು. ಡಾಕ್ಟರರ ಬಳಿ ಹೋಗುವವರು ನಾಟಿ ವೈದ್ಯರ ಬಳಿಯೂ, ಮಂತ್ರವಾದಿಯ ಬಳಿಯೂ, ದರ್ಶನದ ಪಾತ್ರಿಯ ಬಳಿಯೂ ಹೋಗುತ್ತಿದ್ದರು. ಇದರಲ್ಲಿ ಅವರಿಗೆ ವಿರೋಧ ಕಾಣುತ್ತಿರಲಿಲ್ಲ. ನಾವು ಕ್ರೈಸ್ತರು ಇದನ್ನು ಓದಿ ನಗಬೇಕಾಗಿಲ್ಲ. ಒಂದು ಧ್ಯಾನಮಂದಿರದಿಂದ ಇನ್ನೊಂದಕ್ಕೆ ಅಲೆಯುವವರು ನಮ್ಮಲ್ಲಿಯೂ ಇದ್ದಾರೆ.

ಏಕೆ ಹೀಗೆ? ನನ್ನ ಅಭಿಪ್ರಾಯ ಇಷ್ಟು. ಅಲ್ಲೆಲ್ಲ ಒಬ್ಬರು ಕೂತು ಇಡೀ ಮನೆಯವರ ಕಥೆ ಕೇಳುತ್ತಾರೆ. ಆಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ಕಾದು ಐದು ನಿಮಿಷದಲ್ಲಿ ಚೀಟಿ ಹಿಡಿದು ಬಂದವನಿಗೆ ಅದು ಸಿಕ್ಕಿರುವುದಿಲ್ಲ. ಡಾಕ್ಟರರ ಮೇಲೆ ತಪ್ಪು ಹೊರಿಸುವಂತಿಲ್ಲ. ಅವರ ಸಂಖ್ಯೆ ಕಡಿಮೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ, ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದೆ. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಗುತ್ತಿಲ್ಲ. ಇಂಥಲ್ಲಿ ಕೂತು ಕೇಳುವ ಕೆಲಸ ಬಹುಮಟ್ಟಿಗೆ ದಾದಿಯರ ಪಾಲಿಗೆ ಬರುತ್ತದೆ. ವೈದ್ಯರು ಸುತ್ತಿಗೆ ಬಂದು ಹೋಗುತ್ತಾರೆ. ಹಗಲೂ ರಾತ್ರಿಯೂ ಇರುವವರು ದಾದಿಯರು.

ಸಂಬಂಧದ ಮೂರು ಹೆಜ್ಜೆಗಳು

ಈ ಸಂಬಂಧವನ್ನು ಶಾಸ್ತ್ರೀಯವಾಗಿ ವಿವರಿಸಿದವರು ಹಿಲ್ಡಗಾರ್ಡ್ ಪೆಪ್ಲೌ (1909-1999) ಎಂಬ ಅಮೆರಿಕದ ದಾದಿ. 1952ರಲ್ಲಿ ಪ್ರಕಟವಾದ ಅವರ ಗ್ರಂಥವನ್ನು ಇಂದಿಗೂ ನರ್ಸಿಂಗ್ ಕಾಲೇಜುಗಳಲ್ಲಿ ಕಲಿಸುತ್ತಾರೆ. ನಮ್ಮ ರಾಜ್ಯದಲ್ಲಿಯೂ, 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ಮನೋರೋಗ ಶುಶ್ರೂಷೆಯ ತರಬೇತಿ ಆ ದಶಕದಲ್ಲೇ ಮೊದಲಾಯಿತು.

ಪೆಪ್ಲೌ ಹೇಳುವಂತೆ ದಾದಿಗೂ ರೋಗಿಗೂ ಇರುವ ಸಂಬಂಧಕ್ಕೆ ಒಂದು ಆರಂಭ, ಒಂದು ನಡುಗಾಲ, ಒಂದು ಮುಕ್ತಾಯ ಇದೆ. ಇದನ್ನು ಓದುವಾಗ ನನಗೆ ನೆನಪಾಗುವುದು ಮಾರ್ಕನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಬರುವ ಗೆರಸೇನರ ನಾಡಿನ ಮನುಷ್ಯ. ಒಂದು ಎಚ್ಚರಿಕೆ: ಅಲ್ಲಿ ಶುಭಸಂದೇಶ ಹೇಳುವುದು ದೆವ್ವ ಹಿಡಿದವನ ವಿಷಯ. ಮಾನಸಿಕ ರೋಗ ದೆವ್ವದ ಕಾಟವಲ್ಲ. ಧರ್ಮಸಭೆಯ ಧರ್ಮೋಪದೇಶ ಗ್ರಂಥವು 1673ನೆಯ ಪರಿಚ್ಛೇದದಲ್ಲಿ ಈ ಎರಡನ್ನೂ ಬೇರ್ಪಡಿಸಿ, ಮಾನಸಿಕ ರೋಗದ ಚಿಕಿತ್ಸೆ ವೈದ್ಯಶಾಸ್ತ್ರದ ಕೆಲಸ ಎಂದು ಸ್ಪಷ್ಟಪಡಿಸುತ್ತದೆ. ನಾನಿಲ್ಲಿ ನೋಡುವುದು ಎಲ್ಲರೂ ದೂರವಿಟ್ಟ ಒಬ್ಬ ಮನುಷ್ಯನೊಡನೆ ಪ್ರಭು ಯೇಸು ನಡೆದುಕೊಂಡ ರೀತಿಯನ್ನು ಮಾತ್ರ.

ಮೊದಲ ಹೆಜ್ಜೆ, ಪರಿಚಯ. ಊರಿನವರು ಆ ಮನುಷ್ಯನನ್ನು ಸರಪಳಿಯಿಂದ ಕಟ್ಟಿದ್ದರು, ಅವನು ಕಿತ್ತೆಸೆದಿದ್ದ. ಸರಪಳಿ ಯಾರನ್ನೂ ಗುಣಪಡಿಸಲಿಲ್ಲ. ಪ್ರಭು ಅವನ ಹೆಸರು ಕೇಳುತ್ತಾರೆ. ದಾದಿಯೂ ಹಾಗೆಯೇ. ಆರಂಭದಲ್ಲಿ ತಾನು ರೋಗಿಗೆ ಅಪರಿಚಿತಳು ಎಂಬುದನ್ನು ಒಪ್ಪಿಕೊಳ್ಳುತ್ತಾಳೆ. ತನ್ನ ಹೆಸರು ಹೇಳಿ ಅವನ ಹೆಸರು ಕೇಳುತ್ತಾಳೆ. ಯಾವಾಗ ಬರುತ್ತೇನೆ, ಎಷ್ಟು ಹೊತ್ತು ಇರುತ್ತೇನೆ, ಎಷ್ಟು ದಿನ ಈ ವಾರ್ಡಿನಲ್ಲಿರುತ್ತೇನೆ ಎಂದು ಮೊದಲೇ ತಿಳಿಸುತ್ತಾಳೆ. ಹೇಳಿದ ಹೊತ್ತಿಗೆ ಬರುತ್ತಾಳೆ. "ಮೂರನೆಯ ಬೆಡ್ಡು" ಎಂದು ಕರೆಯುವುದಿಲ್ಲ. ನಮ್ಮ ಕಡೆ ಹಿರಿಯ ಹೆಂಗಸನ್ನು 'ಅಮ್ಮ' ಎಂದೋ 'ಬಾಯಮ್ಮ' ಎಂದೋ, ಗಂಡಸನ್ನು 'ಅಣ್ಣ' ಎಂದೋ ಕರೆದು, "ಊಟ ಆಯ್ತಾ?" ಎಂದು ಕೇಳಿದರೆ ಅರ್ಧ ಬಾಗಿಲು ತೆರೆದಂತೆಯೇ. ಮನೆಯ ಮಾತು ಕೊಂಕಣಿಯಾದರೆ ಕೊಂಕಣಿಯಲ್ಲಿ, ಕುಂದಾಪುರದ ಕನ್ನಡವಾದರೆ ಅದರಲ್ಲೇ ಮಾತಾಡಿದರೆ ಇನ್ನೂ ಒಳ್ಳೆಯದು.

ಎರಡನೆಯ ಹೆಜ್ಜೆ, ಜೊತೆಯಾಗಿ ದುಡಿಯುವುದು. ನಂಬಿಕೆ ಬಂದ ಮೇಲೆ ರೋಗಿ ತನ್ನ ಕಷ್ಟ ಹೇಳತೊಡಗುತ್ತಾನೆ. ದಾದಿ ಅವನ ಪರವಾಗಿ ಎಲ್ಲವನ್ನೂ ಮಾಡಿಬಿಡುವುದಿಲ್ಲ. ಇವತ್ತು ತಾನೇ ಸ್ನಾನ ಮಾಡುವುದು, ನಾಳೆ ಇತರರೊಡನೆ ಕೂತು ಊಟ ಮಾಡುವುದು, ಮಾತ್ರೆಯ ಹೆಸರೂ ಹೊತ್ತೂ ಕಲಿಯುವುದು, ರೋಗ ಮರುಕಳಿಸುವ ಮುನ್ಸೂಚನೆಗಳನ್ನು ಗುರುತಿಸುವುದು, ಹೀಗೆ ಸಣ್ಣ ಸಣ್ಣ ಹೆಜ್ಜೆಗಳನ್ನು ಅವನೇ ಇಡುವಂತೆ ನೋಡಿಕೊಳ್ಳುತ್ತಾಳೆ. ಕೈ ನಡುಗುತ್ತದೆಯೇ, ಮೈ ಬಿಗಿಯುತ್ತದೆಯೇ, ಹಗಲೆಲ್ಲ ತೂಕಡಿಕೆಯೇ ಎಂದು ಗಮನಿಸಿ ವೈದ್ಯರಿಗೆ ತಿಳಿಸುತ್ತಾಳೆ. ಇಂಥ ತೊಂದರೆಗಳಿಂದಾಗಿಯೇ ಅನೇಕರು ಮಾತ್ರೆ ಬಿಡುತ್ತಾರೆ. ಆದ್ದರಿಂದ ಕೇಳುವ ಕಿವಿ ಇಲ್ಲದಲ್ಲಿ ಮಾತ್ರೆಯೂ ಕೆಲಸ ಮಾಡಲಾರದು.

ಮೂರನೆಯ ಹೆಜ್ಜೆ, ಬೀಳ್ಕೊಡುಗೆ. ಗುಣವಾದ ಆ ಮನುಷ್ಯ ಯೇಸುವಿನ ಜೊತೆಯಲ್ಲೇ ಬರುತ್ತೇನೆಂದು ಬೇಡುತ್ತಾನೆ. ಪ್ರಭು ಒಪ್ಪುವುದಿಲ್ಲ. ಅವನನ್ನು ಅವನ ಮನೆಗೆ, ಅವನ ಸ್ವಂತ ಜನರ ಬಳಿಗೆ ಕಳುಹಿಸುತ್ತಾರೆ. ದಾದಿಯ ಸಂಬಂಧದ ಗುರಿಯೂ ಇದೇ. ರೋಗಿ ತನ್ನನ್ನೇ ಅಂಟಿಕೊಂಡಿರುವುದು ಅವಳ ಗೆಲುವಲ್ಲ. ಅವನು ತನ್ನ ಕಾಲ ಮೇಲೆ ನಿಂತು ಮನೆಗೆ ಹೋಗುವುದೇ ಗೆಲುವು. ಆದ್ದರಿಂದ ಬಿಡುಗಡೆಯ ದಿನ ಇದ್ದಕ್ಕಿದ್ದಂತೆ "ಬರುತ್ತೇನೆ" ಎಂದು ಹೋಗದೆ, ಕೆಲವು ದಿನ ಮೊದಲಿನಿಂದಲೇ ಅವನನ್ನು ಅದಕ್ಕೆ ಸಿದ್ಧಗೊಳಿಸಬೇಕು.

ಏನು ಮಾತಾಡುವುದು?

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಯೋಬನ ಸ್ನೇಹಿತರನ್ನು ನೆನಪಿಸಿಕೊಳ್ಳಿ. ಅವರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಷ್ಟರವರೆಗೆ ಅವರು ಒಳ್ಳೆಯ ಶುಶ್ರೂಷಕರಾಗಿದ್ದರು. ಬಾಯಿ ತೆರೆದು, ನೀನು ಏನೋ ಪಾಪ ಮಾಡಿರಬೇಕು ಎಂದು ಉಪದೇಶಕ್ಕೆ ತೊಡಗಿದಾಗ ಕೆಟ್ಟರು. ಪ್ರವಾದಿ ಎಲೀಯ ಮರದ ಕೆಳಗೆ ಬಿದ್ದು ಸಾವನ್ನು ಬೇಡಿದಾಗ ದೂತನು ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಬಂದು ಎಬ್ಬಿಸಿ ತಿನ್ನಿಸಿದ. ಈ ಎರಡು ಉದಾಹರಣೆಗಳಲ್ಲಿ ಅರ್ಧ ಪಾಠ ಇದೆ. ಉಳಿದ ಅರ್ಧವನ್ನು ಹೀಗೆ ಹೇಳಬಹುದು.

1. ಇಲ್ಲದ ಧ್ವನಿ ಕೇಳಿಸುತ್ತದೆ ಎಂದು ರೋಗಿ ಹೇಳಿದರೆ ವಾದ ಮಾಡಬೇಡಿ, ಹೌದೆಂದು ಒಪ್ಪಲೂ ಬೇಡಿ. "ನನಗೆ ಅದು ಕೇಳಿಸುವುದಿಲ್ಲ. ಆದರೆ ನಿಮಗೆ ತುಂಬಾ ಭಯವಾಗುತ್ತಿದೆ ಎಂದು ತಿಳಿಯುತ್ತದೆ. ನಾನು ಹತ್ತಿರವಿದ್ದೇನೆ" ಎನ್ನಿ. ಇದರಲ್ಲಿ ಸತ್ಯವೂ ಉಳಿಯುತ್ತದೆ, ಪ್ರೀತಿಯೂ ಉಳಿಯುತ್ತದೆ.

2. "ಧೈರ್ಯ ತೆಗೆದುಕೊಳ್ಳಿ, ಎಲ್ಲಾ ಸರಿಯಾಗುತ್ತದೆ" ಎಂದು ಬೇಗನೆ ಹೇಳಿ ಮುಗಿಸಬೇಡಿ. ಅದು ಅನೇಕ ಸಲ ನಮ್ಮ ಕಿವಿ ಮುಚ್ಚಿಕೊಳ್ಳುವ ಉಪಾಯ. ಖಿನ್ನತೆಯ ಮಾತ್ರೆ ಫಲ ತೋರಲು ಕೆಲವು ವಾರಗಳು ಬೇಕು. ಆ ವಾರಗಳಲ್ಲಿ ಕಾಯುವವನ ಜೊತೆ ಕಾಯುವುದೇ ಸಾಂತ್ವನ.

3. ಸಾಯಬೇಕು ಎಂಬ ಯೋಚನೆ ಇದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಲು ಹೆದರಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಬರುತ್ತದೆ. ಆದರೆ ಅದನ್ನು ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡಬೇಡಿ. "ನಿಮ್ಮ ಜೀವ ಕಾಪಾಡಲು ಡಾಕ್ಟರರಿಗೆ ಇದನ್ನು ಹೇಳಲೇಬೇಕು" ಎಂದು ಅವರಿಗೇ ತಿಳಿಸಿ.

4. ಉಳಿದ ಮಾತುಗಳು ಗುಟ್ಟಾಗಿಯೇ ಇರಲಿ. ವಾರ್ಡಿನಲ್ಲಿ ಕೇಳಿದ್ದು ಹಾಸ್ಟೆಲಿನಲ್ಲಿ ಹರಟೆಯಾಗಬಾರದು, ಊರಿಗೆ ಬಂದು ಚರ್ಚಿನ ಅಂಗಳದಲ್ಲಿ ಸುದ್ದಿಯಾಗಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾನೂನು ಗೌಪ್ಯತೆಯನ್ನು ರೋಗಿಯ ಹಕ್ಕಾಗಿ ಮಾಡಿದೆ.

5. ಸುಳ್ಳು ಹೇಳಿ ಕರೆತರಬೇಡಿ, ಮೋಸದಿಂದ ಮಾತ್ರೆ ಕೊಡಬೇಡಿ. ಒಮ್ಮೆ ಮುರಿದ ನಂಬಿಕೆಯನ್ನು ಪುನಃ ಕಟ್ಟಲು ತಿಂಗಳುಗಳು ಬೇಕಾಗುತ್ತವೆ.

ಪ್ರೀತಿಗೂ ಒಂದು ಬೇಲಿ

ನಮ್ಮ ಕಡೆ ಕನ್ಯಾಸ್ತ್ರೀಯೂ 'ಸಿಸ್ಟರ್', ದಾದಿಯೂ 'ಸಿಸ್ಟರ್'. ಆ ಪದಕ್ಕೆ ಸಹೋದರಿ ಎಂಬ ಸುಂದರ ಅರ್ಥವಿದೆ. ಆದರೆ ಇಲ್ಲೊಂದು ಅಪಾಯವೂ ಇದೆ. ಒಂಟಿಯಾದ ರೋಗಿ, ತನ್ನನ್ನು ಕೇಳಿಸಿಕೊಳ್ಳುವ ಮೊದಲ ವ್ಯಕ್ತಿಯಲ್ಲಿ ಕಳೆದುಕೊಂಡ ತಾಯಿಯನ್ನೋ, ತಂಗಿಯನ್ನೋ, ಪ್ರೇಯಸಿಯನ್ನೋ ಕಾಣಬಹುದು. ಕೆಲವೊಮ್ಮೆ ಹಳೆಯ ಸಿಟ್ಟನ್ನೂ ಅವಳ ಮೇಲೆ ತೋರಿಸಬಹುದು. ದಾದಿಯ ಮನಸ್ಸಿನಲ್ಲಿಯೂ ಒಬ್ಬ ರೋಗಿಯ ಮೇಲೆ ವಿಶೇಷ ಮಮತೆ, ಇನ್ನೊಬ್ಬನ ಮೇಲೆ ಜಿಗುಪ್ಸೆ ಹುಟ್ಟಬಹುದು. ಇದು ಪಾಪವಲ್ಲ, ಆದರೆ ಗಮನಿಸಬೇಕಾದ ವಿಷಯ. ಹಿರಿಯ ದಾದಿಯ ಬಳಿ ಮುಚ್ಚುಮರೆಯಿಲ್ಲದೆ ಹೇಳಿ ಸಲಹೆ ಪಡೆಯಬೇಕು. ಉಡುಗೊರೆ ಪಡೆಯದಿರುವುದು, ಸ್ವಂತ ಫೋನ್ ನಂಬರ್ ಕೊಡದಿರುವುದು, ತನ್ನ ಮನೆಯ ಕಷ್ಟವನ್ನು ರೋಗಿಯ ಮುಂದೆ ತೋಡಿಕೊಳ್ಳದಿರುವುದು, ಇವು ನಿರ್ದಯೆಯ ನಿಯಮಗಳಲ್ಲ. ಗದ್ದೆಗೆ ಬೇಲಿ ಹಾಕುವುದು ಪೈರಿನ ಮೇಲಿನ ದ್ವೇಷದಿಂದಲ್ಲವಷ್ಟೆ.

ದಾದಿಯರು ಸಂತ ಜಾನ್ ಆಫ್ ಗಾಡ್ (1495-1550) ಅವರನ್ನು ನೆನಪಿನಲ್ಲಿಡಲಿ. ಸ್ಪೇನಿನ ಗ್ರನಾಡಾ ನಗರದಲ್ಲಿ ಪುಸ್ತಕ ಮಾರುತ್ತಿದ್ದ ಅವರು ಒಂದು ಪ್ರಬೋಧನೆ ಕೇಳಿ ಪಶ್ಚಾತ್ತಾಪದಿಂದ ನಡುಗಿಹೋದರು. ಜನ ಅವರನ್ನು ಹುಚ್ಚನೆಂದು ಆಸ್ಪತ್ರೆಗೆ ಹಾಕಿದರು. ಆ ಕಾಲದ ಚಿಕಿತ್ಸೆಯಂತೆ ಅಲ್ಲಿ ಅವರಿಗೆ ಚಾಟಿಯೇಟು ಬಿತ್ತು. ಹೊರಬಂದ ಅವರು ಬಡ ರೋಗಿಗಳಿಗಾಗಿ ತಾವೇ ಒಂದು ಆಸ್ಪತ್ರೆ ಕಟ್ಟಿದರು. ಹಾಸಿಗೆಯ ಮೇಲೆ ಮಲಗಿದವನ ನೋವನ್ನು ತಿಳಿದವರು ಹಾಸಿಗೆಯ ಪಕ್ಕ ನಿಂತರು. 1930ರಲ್ಲಿ ಧರ್ಮಸಭೆ ಅವರನ್ನು ಸಂತ ಕಮಿಲ್ಲಸರ ಜೊತೆ ದಾದಿಯರ ಪಾಲಕ ಸಂತರೆಂದು ಘೋಷಿಸಿತು. ಅವರ ಹಬ್ಬ ಮಾರ್ಚ್ 8.

ಮನೆಯವರ ಪಾಲು, ನಮ್ಮೆಲ್ಲರ ಪಾಲು

ಕೊನೆಗೆ ಆ ತಾಯಿಯ ಪ್ರಶ್ನೆ: ಅಲ್ಲಿ ಇದ್ದದ್ದು ಇಲ್ಲಿ ಯಾಕಿಲ್ಲ? ಕೆಲವು ಸಲ ಎಲ್ಲ ಸರಿಯಾಗಿ ಮಾಡಿದರೂ ರೋಗ ಮರುಕಳಿಸುತ್ತದೆ. ಆಗ ತಾಯಂದಿರು ತಮ್ಮನ್ನೇ ಹಳಿದುಕೊಳ್ಳಬಾರದು. ಆದರೆ ನಾವು ಬದಲಿಸಬಲ್ಲ ಸಂಗತಿಗಳೂ ಇವೆ. ಗೆರಸೇನರ ಊರಿನವರನ್ನು ನೋಡಿ. ಆ ಮನುಷ್ಯ ಬಟ್ಟೆ ತೊಟ್ಟು, ಸ್ವಸ್ಥಚಿತ್ತನಾಗಿ ಕೂತಿದ್ದನ್ನು ಕಂಡಾಗ ಅವರಿಗೆ ಸಂತೋಷವಾಗಲಿಲ್ಲ, ಭಯವಾಯಿತು. ನಮ್ಮಲ್ಲಿಯೂ ಹಾಗೆಯೇ ಆಗುತ್ತಿದೆ. ಆಸ್ಪತ್ರೆಯಿಂದ ಬಂದವನಿಗೆ ಕೆಲಸ ಕೊಡಲು ಹೆದರುತ್ತೇವೆ. ಅವನ ತಂಗಿಯ ಮದುವೆ ಮಾತುಕತೆಯಲ್ಲಿ ಅವನನ್ನು ಒಳಕೋಣೆಯಲ್ಲಿ ಕೂರಿಸುತ್ತೇವೆ. ಅವನು ಸಿಟ್ಟು ಮಾಡಿದರೆ "ಮಾತ್ರೆ ತಿಂದೆಯಾ?" ಎಂದು ಕೇಳುತ್ತೇವೆ, ಏಕೆ ಸಿಟ್ಟು ಬಂತು ಎಂದು ಕೇಳುವುದಿಲ್ಲ. ಮನೆಯಲ್ಲಿ ದಿನವೂ ಬೈಗುಳ, ಟೀಕೆ ಇದ್ದರೆ ರೋಗ ಬೇಗ ಮರುಕಳಿಸುತ್ತದೆ ಎಂದು ಮನೋವೈದ್ಯರು ಹೇಳುತ್ತಾರೆ.

ಕಟ್ಟಿಹಾಕುವ ಕಾಲ ಮುಗಿಯಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಕಾರಣ ಓಡಲಾರದೆ 28 ಮಾನಸಿಕ ರೋಗಿಗಳು ಸುಟ್ಟು ಸತ್ತರು. ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು 2017ರ ಕಾನೂನು ಸಂಪೂರ್ಣವಾಗಿ ನಿಷೇಧಿಸಿದೆ.

ಸಹಾಯ ದೂರವಿಲ್ಲ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮವನ್ನು ರಾಜ್ಯ ಸರಕಾರ 2014ರಲ್ಲಿ ಆರಂಭಿಸಿತು. ನಿಮ್ಮ ಕಡೆ ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. 2022ರಿಂದ 'ಟೆಲಿ ಮಾನಸ್' ದೂರವಾಣಿ 14416 ಹಗಲು ರಾತ್ರಿ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಪ್ರತಿ ಚರ್ಚಿನ ಫಲಕದಲ್ಲಿ ಬರೆಯಲಿ ಎಂದು ನನ್ನ ವಿನಂತಿ. ಗುರುಗಳಾದ ನಾವೂ ಪ್ರಾರ್ಥನೆ ಕೇಳಿ ಬಂದವರ ತಲೆಯ ಮೇಲೆ ಕೈಯಿಟ್ಟ ಮೇಲೆ, "ಮಾತ್ರೆ ಬಿಡಬೇಡಿ" ಎಂದು ಹೇಳಲು ಮರೆಯದಿರೋಣ. ನಾನಂತೂ ಆ ಒಂದು ಸಲದ ನಂತರ ಮರೆತಿಲ್ಲ.

ಪ್ರಿಯರೇ, ದಾದಿ ಆರಂಭಿಸಿದ ಕೆಲಸವನ್ನು ಮನೆ ಮುಂದುವರಿಸಬೇಕು, ಮನೆ ದಣಿದಾಗ ವಾಳೆ ಹೆಗಲು ಕೊಡಬೇಕು. ಹೇಳಿದ ಗಂಟೆಗೆ ಬರುವವರು ಒಬ್ಬರಾದರೂ ಪ್ರತಿಯೊಬ್ಬ ರೋಗಿಗೆ ಇರಲಿ.

ವಾಳೆಯ ಕೂಟದಲ್ಲಿ ಚರ್ಚಿಸಲು

1. ನಮ್ಮ ವಾಳೆಯಲ್ಲಿ ಮಾನಸಿಕ ರೋಗದಿಂದ ಬಳಲುವ ಕುಟುಂಬಕ್ಕೆ ನಾವು ಕಳೆದ ತಿಂಗಳು ಎಷ್ಟು ಸಲ ಭೇಟಿ ಕೊಟ್ಟೆವು?
2. ರೋಗಿಯ ಆರೈಕೆ ಮಾಡುವ ತಾಯಿಗೋ ಹೆಂಡತಿಗೋ ವಾರದಲ್ಲಿ ಒಂದು ಮಧ್ಯಾಹ್ನ ಬಿಡುವು ಸಿಗುವಂತೆ ನಮ್ಮಲ್ಲಿ ಯಾರು ಹೋಗಿ ಕೂರಬಲ್ಲರು?
3. ರಜೆಯಲ್ಲಿ ಬಂದ ನಮ್ಮ ದಾದಿಯರಿಂದ ಈ ವಿಷಯದಲ್ಲಿ ಒಂದು ಸಂಜೆ ತಿಳಿವಳಿಕೆ ಪಡೆಯಬಹುದೇ?

ಪ್ರಾರ್ಥನೆ

ಕರುಣಾಮಯ ಪ್ರಭುವೇ, ಎಲ್ಲರೂ ದೂರವಿಟ್ಟವನ ಹೆಸರನ್ನು ನೀವು ಕೇಳಿದಿರಿ. ಮನಸ್ಸಿನ ಕತ್ತಲೆಯಲ್ಲಿ ನರಳುವ ನಮ್ಮ ಸೋದರ ಸೋದರಿಯರಿಗೆ ಶಾಂತಿಯನ್ನು ಕೊಡಿ. ರಾತ್ರಿ ಪಾಳಿಯಲ್ಲಿ ಎಚ್ಚರವಿರುವ ದಾದಿಯರಿಗೆ ಕೇಳುವ ಕಿವಿಯನ್ನೂ ದಣಿಯದ ತಾಳ್ಮೆಯನ್ನೂ ದಯಪಾಲಿಸಿ. ಮನೆಗೆ ಮರಳಿದವರನ್ನು ಭಯಪಡದೆ ಬರಮಾಡಿಕೊಳ್ಳುವ ಹೃದಯವನ್ನು ನಮಗೆ ಕೊಡಿ. ಆಮೆನ್.